ತುಂಬು, ಸೋಸು, ಕೇಳು

ಆ ಭಾನುವಾರ ಬೆಳಿಗ್ಗೆ ಲಾರಿ ನೀರು ಬಂದಿತ್ತು. ಬಿಂದಿಗೆಗಳನ್ನು ಒಳಗಿಟ್ಟು ಬರುವಷ್ಟರಲ್ಲಿ ಚೆನ್ನೈನ ಪುರಸೈವಾಕ್ಕಂನಲ್ಲಿದ್ದ ನಮ್ಮ ಮನೆಯ ಹಾಲಿನಲ್ಲಿ ಅಪ್ಪ ಮಗಳ ಜಗಳ ಶುರುವಾಗಿತ್ತು. ನನ್ನವರು ಕಂಪ್ಯೂಟರಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿ ಕೆಲವು ವಾರಗಳಾಗಿದ್ದವು. ಅದರಲ್ಲಿ ಡೆಸ್ಕ್‌ಟಾಪ್, ಅಂದರೆ ಪರದೆಯ ನೋಟ, ಹೇಗಿರಬೇಕೆಂದು ನಾವೇ ಆರಿಸಿಕೊಳ್ಳಬಹುದಂತೆ. ಕಾಲೇಜಿಗೆ ಹೋಗುತ್ತಿದ್ದ ಮಗಳು ಆರಿಸಿದ್ದರಲ್ಲಿ ಎಲ್ಲವೂ ಹೊಳೆಯುತ್ತಿತ್ತು, ತೇಲುತ್ತಿತ್ತು. ಆದರೆ ಕ್ಯಾಸೆಟ್ಟಿನಿಂದ ಹಾಡು ತುಂಬಿಸುವಾಗ ನಮ್ಮ ಹಳೆಯ ಯಂತ್ರಕ್ಕೆ ಏದುಸಿರು ಬಂದು ದನಿ ನಡುನಡುವೆ ತುಂಡಾಗುತ್ತಿತ್ತು. ಇವರು ಅದನ್ನು ತೆಗೆದು, ಕೆಳಗೊಂದು ಪಟ್ಟಿ ಬಿಟ್ಟರೆ ಏನೂ ಇಲ್ಲದ ಬೂದು ಬಣ್ಣದ ಹಗುರವಾದದ್ದನ್ನು ಹಾಕಿದ್ದರು.

"ರೇಷನ್ ಕಡೈ ಬೋರ್ಡು ಮಾದಿರಿ ಇರುಕ್ಕುಪ್ಪಾ," ಎಂದಳು ಮಗಳು, ರೇಷನ್ ಅಂಗಡಿ ಬೋರ್ಡಿನ ಹಾಗಿದೆಯೆಂದು. ಅವಳಿಗೆ ಕನ್ನಡ ತಿಳಿಯುತ್ತದೆ, ಬೈಯುವುದು ತಮಿಳಿನಲ್ಲಿ.

"ರೇಷನ್ ಅಂಗಡೀಲಿ ಅಕ್ಕಿನಾದ್ರೂ ಸಿಗತ್ತೆ. ನಿನ್ನ ಶೋರೂಮಲ್ಲಿ ನಿಮ್ಮಜ್ಜಿಗೆ ಉಸಿರು ಕಟ್ಟತ್ತೆ ಕಣಮ್ಮಾ."

ಅಜ್ಜಿ ಎಂದರೆ ನನ್ನ ಅತ್ತೆ. ಅವರು ತೀರಿಕೊಂಡು ವರ್ಷಗಳಾಗಿದ್ದವು. ಅವರು ಹಾಡಿದ ಹಸೆ ಹಾಡುಗಳಿದ್ದದ್ದು ಒಂದೇ ಕ್ಯಾಸೆಟ್ಟಿನಲ್ಲಿ, ಮೈಸೂರಿನ ಮನೆಯಲ್ಲಿ ಇವರೇ ರೆಕಾರ್ಡ್ ಮಾಡಿದ್ದು. ಟೇಪು ಸವೆಯುತ್ತಿತ್ತು. ಪೂರ್ತಿ ಹಾಳಾಗುವ ಮೊದಲು ಕಂಪ್ಯೂಟರಿಗೆ ತುಂಬಿ, ಗೊರಗೊರ ಸದ್ದು ತೆಗೆದು, ಸಿ.ಡಿ. ಮಾಡಬೇಕೆಂದು ಇವರಿಗೆ ಹಟ. ಆದರೆ ಮಣಲಿಯ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಪಂಪುಗಳ ನಡುವೆ ದುಡಿದು ಇವರ ಕಿವಿ ಮಂದವಾಗಿತ್ತು. ಪರದೆಯ ಮೇಲಿನ ಅಲೆಗಳನ್ನು ನೋಡಿ ಇವರು ಸದ್ದು ತೆಗೆಯುತ್ತಿದ್ದರು, ಪಕ್ಕದ ಕುರ್ಚಿಯಲ್ಲಿ ಕೂತು ನಾನು ಕೇಳಿ ಹೇಳುತ್ತಿದ್ದೆ.

"ಸಾಕೇನೇ?"

"ಇನ್ನೊಂಚೂರು... ಅಯ್ಯೋ, ಜಾಸ್ತಿಯಾಯ್ತು ರೀ. ಅತ್ತೆ ಬಿಂದಿಗೆಯೊಳಗೆ ಕೂತು ಹಾಡಿದ ಹಾಗಿದೆ."

"ಬಿಂದಿಗೆಯೊಳಗೆ ಕೂತ್ರೂ ನಿನ್ನ ಸಾರಿಗೆ ಉಪ್ಪು ಕಮ್ಮಿ ಅಂತಿದ್ರು ಬಿಡು."

ಆ ಡೆಸ್ಕ್‌ಟಾಪಿನಲ್ಲಿ ಒಂದರ ಪಕ್ಕ ಒಂದರಂತೆ ಹಲವು ಪರದೆಗಳನ್ನು ಇಟ್ಟುಕೊಳ್ಳಬಹುದಿತ್ತು. ಅಂದು ಇವರು ಮೂರನ್ನು ಇಟ್ಟು, ಕೆಳಗಿನ ಪಟ್ಟಿಯಲ್ಲಿ ದಪ್ಪ ಕನ್ನಡ ಅಕ್ಷರಗಳಲ್ಲಿ ಹೆಸರು ಬರೆದರು: ತುಂಬು, ಸೋಸು, ಕೇಳು. ಒಂದೊಂದರಲ್ಲೂ ಆಯಾ ಕೆಲಸಕ್ಕೆ ಬೇಕಾದದ್ದು ತಾನೇ ತೆರೆದುಕೊಳ್ಳುವ ಹಾಗೆ ಮಾಡಿದರು.

"ಲಾರಿ ನೀರು ಹಿಡಿದು ಸೋಸ್ತೀಯಲ್ಲ, ಇದೂ ಅಷ್ಟೆ. ನೀನೇ ಮಾಡಬಹುದು."

"ನಂಗ್ಯಾಕ್ರೀ ಇದೆಲ್ಲ? ಒಲೆ ಮೇಲೆ ಸಾರಿದೆ."

ಅಂದು ಕ್ಯಾಸೆಟ್ಟಿನ ಒಂದು ಮಗ್ಗುಲು ಮುಗಿಯಿತು. ಇನ್ನೊಂದು ಮಗ್ಗುಲು ಮುಂದಿನ ಭಾನುವಾರಕ್ಕೆಂದು ಉಳಿಯಿತು. ಮರುದಿನ ಕೆಲಸಕ್ಕೆ ಹೊರಟವರು ಬಸ್ ನಿಲ್ದಾಣದಲ್ಲಿ ಎದೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆ ಸೇರುವ ಮೊದಲೇ ಎಲ್ಲ ಮುಗಿದಿತ್ತು.

ಕೆಲವು ತಿಂಗಳು ಕಂಪ್ಯೂಟರಿಗೆ ಬಟ್ಟೆ ಹೊದಿಸಿಟ್ಟಿದ್ದೆ. ಹೆಚ್ಚು ಓದಿದವಳಲ್ಲ ನಾನು, ಮುಟ್ಟಿದರೆ ಏನಾದರೂ ಅಳಿಸಿಹೋದೀತೆಂಬ ಹೆದರಿಕೆ. ಆದರೆ ಉಳಿದ ಹಾಡುಗಳು ಪೆಟ್ಟಿಗೆಯಲ್ಲೇ ಸವೆದುಹೋಗುತ್ತವಲ್ಲ ಎಂಬ ಚಿಂತೆ ಅದಕ್ಕಿಂತ ದೊಡ್ಡದಾಯಿತು. ಒಂದು ಬೆಳಿಗ್ಗೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಸ್ವಿಚ್ ಹಾಕಿದೆ. ಅದೇ ಬೂದು ಪರದೆ ಬಂತು.

"ಎನ್ನಮ್ಮಾ ಎಳುದಿರುಕ್ಕು?" ಎಂದಳು, ಕೆಳಗೆ ಏನು ಬರೆದಿದೆಯೆಂದು. ಅವಳಿಗೆ ಕನ್ನಡ ಓದಲು ಬಾರದು. ನಾನು ಓದಿದೆ, ಅವಳು ಒತ್ತಿದಳು. ಎಲ್ಲಿಗೆ ಕೈ ಹೋಗುತ್ತದೋ ಅಲ್ಲೇ ಬೇಕಾದದ್ದನ್ನು ಇಟ್ಟಿದ್ದರು, ನಾನು ಅಡುಗೆಮನೆಯನ್ನು ಇಟ್ಟುಕೊಂಡಿರುವ ಹಾಗೆ. ನನ್ನ ಕೆಲಸವನ್ನು ಅವರು ಅಷ್ಟು ಗಮನಿಸಿದ್ದರೆಂದು ನನಗೆ ಗೊತ್ತೇ ಇರಲಿಲ್ಲ. ಅವಳಿಗೂ ಅದು ಅರ್ಥವಾಗಿರಬೇಕು, ಆ ಬೂದು ಬಣ್ಣವನ್ನು ಅವಳು ಮತ್ತೆಂದೂ ಬದಲಾಯಿಸಲಿಲ್ಲ. ಎರಡೂ ಮಗ್ಗುಲು ಸಿ.ಡಿ.ಯಾಗಿ, ಅತ್ತೆಯ ಹಾಡುಗಳು ಇಂದು ಬಂಧುಗಳ ಮನೆಮನೆಯಲ್ಲಿವೆ. ಕೇಳಿದವರು ನನ್ನನ್ನು ಹೊಗಳಿದಾಗ ನನ್ನವರನ್ನು ನೆನೆದು ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಎರಡನೆಯ ಮಗ್ಗುಲಿನ ಕೊನೆಯ ಹಾಡು ಮುಗಿದ ಮೇಲೆ ಅತ್ತೆ ರೆಕಾರ್ಡ್ ಮಾಡುತ್ತಿದ್ದ ಮಗನನ್ನು ಕೇಳುತ್ತಾರೆ: "ಸಾಕೇನೋ? ದನಿ ಸರಿಯಾಗಿ ಬಂತಾ?" ಹಿಂದೆಯೇ ಗುಂಡಿ ಒತ್ತಿದ ಸದ್ದು. ಅಷ್ಟನ್ನೇ ಹಾಕಿ ಹಾಕಿ ಕೇಳಿದ್ದೇನೆ, ಸೋಸಿಯೂ ನೋಡಿದ್ದೇನೆ. ಟೇಪು ನಿಲ್ಲಿಸಿದ ಮೇಲೆ ಇವರು ಅಮ್ಮನಿಗೆ ಉತ್ತರ ಹೇಳಿರಬೇಕು. ಆ ಉತ್ತರ ಟೇಪಿನಲ್ಲಿ ಇಲ್ಲ.