ಮುಂಗಾಲೆತ್ತಿದ ಟ್ರಾಕ್ಟರ್

೨೦೦೬ರ ಜನವರಿಯಲ್ಲಿ ನಾನು ಕೊಪ್ಪದಲ್ಲಿ ಕೃಷಿ ಯಂತ್ರಗಳ ತರಬೇತಿ ನೋಡಿಕೊಳ್ಳುವ ಇಂಜಿನಿಯರ್ ಆಗಿದ್ದೆ. ಆ ವರ್ಷ ಪ್ರಾತ್ಯಕ್ಷಿಕೆಗೆಂದು ನಮ್ಮಲ್ಲಿಗೆ ಒಂದು ರೌಂಡ್ ಬೇಲರ್ ಬಂದಿತ್ತು. ಗದ್ದೆಯಲ್ಲಿ ಹರಡಿದ ಒಣಹುಲ್ಲನ್ನು ಒಳಗೆಳೆದು, ಸುತ್ತಿ, ಉರುಳೆ ಮಾಡಿ ಹೊರಹಾಕುವ ಯಂತ್ರ ಅದು. ತೂಕ ಒಂದೂವರೆ ಟನ್. ಟ್ರಾಕ್ಟರಿನ ಹಿಂದೆ ಕಟ್ಟಿ ಎಳೆಯಬೇಕು.

ಮೊದಲ ಪ್ರಾತ್ಯಕ್ಷಿಕೆ ಶೆಟ್ಟಿಕೊಪ್ಪದ ತಿಮ್ಮಪ್ಪಗೌಡರ ಗದ್ದೆಯಲ್ಲಿ. ಟ್ರಾಕ್ಟರ್ ಅವರದೇ. ಓಡಿಸುತ್ತಿದ್ದವನು ಶೇಷಪ್ಪ, ಹನ್ನೊಂದು ವರ್ಷದಿಂದ ಅವರಲ್ಲಿ ದುಡಿಯುತ್ತಿದ್ದ ಮಿತಭಾಷಿ. ಗದ್ದೆಯೊಳಗೆ ಕೆಲಸ ಸರಾಗವಾಗಿ ನಡೆಯಿತು. ರಸ್ತೆಗೆ ಹತ್ತುವ ಏರಿನಲ್ಲಿ ಶೇಷಪ್ಪ ಕ್ಲಚ್ ಬಿಡುತ್ತಿದ್ದಂತೆ ಮುಂದಿನ ಎರಡೂ ಚಕ್ರ ನೆಲ ಬಿಟ್ಟು ಮೊಣಕಾಲೆತ್ತರ ಎದ್ದವು. ಅವನು ತಕ್ಷಣ ಕ್ಲಚ್ ಒತ್ತಿದ್ದರಿಂದ ಮತ್ತೆ ಕೆಳಗೆ ಕೂತವು. ಒಂದು ಗಳಿಗೆ ತಡವಾಗಿದ್ದರೆ ಟ್ರಾಕ್ಟರ್ ಹಿಂದಕ್ಕೆ ಮಗುಚಿ ಅವನ ಮೇಲೇ ಬೀಳುತ್ತಿತ್ತು.

ಹೆದರಿದಾಗ ನನಗೆ ಸಿಟ್ಟು ಬರುತ್ತದೆ. ಅದು ಹುಟ್ಟುಗುಣ. ಎಲ್ಲರೆದುರು ಶೇಷಪ್ಪನನ್ನು ಬೈದೆ. ಗೌಡರು ಅವನ ಕೈಯಿಂದ ಕೀ ಇಸಿದುಕೊಂಡರು.

"ನಾಳೆಯಿಂದ ಹಾರೆ ಹಿಡಿ ಮಾರಾಯ. ಗಾಡಿ ನಿಂಗೆ ಬೇಡ."

"ಮುಂದೆ ಹಗುರ ಆಗ್ತದೆ ಅಂತ ಹೋದ ವರ್ಷದಿಂದ ಹೇಳ್ತಾ ಇದ್ದೆ ಗೌಡ್ರೆ," ಎಂದಷ್ಟೇ ಹೇಳಿ ಅವನು ಬದಿಗೆ ಸರಿದು ನಿಂತ.

ಆ ಮಾತನ್ನು ನಾನೂ ಕಿವಿಗೆ ಹಾಕಿಕೊಳ್ಳಲಿಲ್ಲ. ವರದಿಯಲ್ಲಿ 'ಚಾಲಕನ ಅಜಾಗರೂಕತೆ' ಎಂದು ಬರೆದು ಗೌಡರ ಮನೆಗೆ ಕಾಫಿಗೆ ಹೋದೆ.

ಅಂಗಳದ ಮೂಲೆಯಲ್ಲಿ ಹುಲ್ಲಿನ ಬಣವೆಯಿತ್ತು. ಮೇಲೆ ಹೊದಿಸಿದ ಟಾರ್ಪಾಲು ಗಾಳಿಗೆ ಹಾರದಂತೆ ಸುತ್ತಲೂ ಹಗ್ಗ ಇಳಿಬಿಟ್ಟು ಕಬ್ಬಿಣದ ಗಟ್ಟಿಗಳನ್ನು ಕಟ್ಟಿದ್ದರು. ಲೋಟ ಕೆಳಗಿಟ್ಟು ಹತ್ತಿರ ಹೋಗಿ ಎಣಿಸಿದೆ. ಎಂಟು, ಒಂದೊಂದೂ ಇಪ್ಪತ್ತೈದು ಕೆಜಿ. ಮುಂಭಾಗ ಮೇಲೇಳದಂತೆ ಟ್ರಾಕ್ಟರಿನ ಮೂತಿಗೆ ಸಿಕ್ಕಿಸುವ ಫ್ರಂಟ್ ವೇಟ್‌ಗಳು.

"ಇವು ಇಲ್ಲಿಗೆ ಹೇಗೆ ಬಂದವು ಗೌಡ್ರೆ?"

"ಅದಾ? ಸುಮ್ನೆ ಭಾರ, ಡೀಸೆಲ್ ತಿಂತದೆ ಅಂತ ಹೋದ ವರ್ಷ ನಾನೇ ಬಿಚ್ಚಿಸಿದ್ದು ಸಾರ್. ಬಣವೆಗೆ ಒಳ್ಳೇದಾಯ್ತು."

ಟ್ರಾಕ್ಟರಿನ ಒಟ್ಟು ತೂಕದ ಐದನೇ ಒಂದು ಭಾಗವಾದರೂ ಮುಂದಿನ ಚಕ್ರಗಳ ಮೇಲಿರಬೇಕು. ಏರಿನಲ್ಲಿ ಭಾರ ಹಿಂದಕ್ಕೆ ಸರಿಯುತ್ತದೆ, ಜೊತೆಗೆ ಬೇಲರ್ ಹಿಂದಿನಿಂದ ಜಗ್ಗುತ್ತದೆ. ಇದನ್ನು ಊರೂರಿಗೆ ಹೋಗಿ ಪಾಠ ಹೇಳುತ್ತಿದ್ದ ನಾನೇ ಅಂದು ಟ್ರಾಕ್ಟರಿನ ಮೂತಿ ನೋಡಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ. ತುಂಬಾ ನಾಚಿಕೆಯಾಯಿತು. ವಿಷಯವನ್ನು ಗೌಡರಿಗೆ ವಿವರಿಸಿ, ವರದಿಯ ಹಾಳೆಯನ್ನು ಅಲ್ಲೇ ಹರಿದೆ.

ಗೌಡರು ತಾವೇ ಬಣವೆಯ ಹಗ್ಗ ಬಿಚ್ಚತೊಡಗಿದರು. ಮಧ್ಯಾಹ್ನದ ಹೊತ್ತಿಗೆ ಎಂಟೂ ಗಟ್ಟಿಗಳು ಟ್ರಾಕ್ಟರಿನ ಮೂತಿಯಲ್ಲಿ ಕೂತವು.

"ತಗಾ ಶೇಷಪ್ಪ," ಎಂದು ಅವರು ಕೀ ನೀಡಿದರು. "ತಪ್ಪು ನಂದು."

ನಾನೂ ಕ್ಷಮೆ ಕೇಳಿದೆ. ಶೇಷಪ್ಪ ಕೀ ತಗೊಂಡು ಟ್ರಾಕ್ಟರಿನ ಸುತ್ತ ಒಮ್ಮೆ ನಡೆದು ಬಂದ.

"ಬೇಲರಿನ ಹೊಟ್ಟೇಲಿ ಇನ್ನೊಂದು ಉರುಳೆ ಉಂಟು ಸಾರ್. ಅದನ್ನ ಕೆಳಗೆ ಹಾಕಿ ಹತ್ತಿಸ್ತೆ. ನೀವು ಬದಿಗೆ ನಿಲ್ಲಿ."

ಅದೂ ನನಗೆ ಹೊಳೆದಿರಲಿಲ್ಲ. ಉರುಳೆಯನ್ನು ಸಮತಟ್ಟು ಜಾಗದಲ್ಲಿ ಇಳಿಸಿ, ಲೋ ಗೇರಿನಲ್ಲಿ ನಿಧಾನವಾಗಿ ಏರು ಹತ್ತಿಸಿದ. ಮುಂದಿನ ಚಕ್ರಗಳ ಗುರುತು ಮಣ್ಣಿನಲ್ಲಿ ರಸ್ತೆಯವರೆಗೂ ಎಲ್ಲೂ ಕಡಿಯದೆ ಮೂಡಿತು.

ಹೊಸ ವರದಿಯಲ್ಲಿ ಬರೆದೆ: 'ಚಾಲಕ ಒಂದು ವರ್ಷದಿಂದ ಹೇಳುತ್ತಿದ್ದ. ಯಾರೂ ಕೇಳಲಿಲ್ಲ.' ಅಲ್ಲಿಂದ ನಿವೃತ್ತಿಯವರೆಗೆ, ಯಾವ ಯಂತ್ರ ಮುಟ್ಟುವ ಮೊದಲೂ ಅದನ್ನು ಓಡಿಸುವವನ ಮಾತು ಕೇಳುವುದನ್ನು ಬಿಡಲಿಲ್ಲ.

ಮರುವರ್ಷ ಶೆಟ್ಟಿಕೊಪ್ಪಕ್ಕೆ ಹೋದಾಗ ಶೇಷಪ್ಪನೇ ಬೇಲರ್ ಎಳೆಯುತ್ತಿದ್ದ. ಗೌಡರ ಬಣವೆಯ ಹಗ್ಗಗಳಿಗೆ ಈ ಸಲ ಕಲ್ಲು ಕಟ್ಟಿದ್ದರು.