ಮಾಜಿ ಮಂತ್ರಿಗಳ ಚೀಲ

ಎಪ್ಪತ್ತೆರಡರ ಚುನಾವಣೆಯಲ್ಲಿ ಸೋತ ಮೇಲೆ ನಮ್ಮ ಹೊಸದುರ್ಗದ ಮಾಜಿ ಮಂತ್ರಿ ಜಂಬಣ್ಣನವರು ಗಣಿ ಮಾಲೀಕರ ಕೆಲಸಕ್ಕೆಂದು ವಿಧಾನಸೌಧಕ್ಕೆ ಓಡಾಡುತ್ತಾರೆ. ಅಲ್ಲಿನ ಜವಾನರು ಇಂದಿಗೂ ಎದ್ದು ನಿಂತು ಬಾಗಿಲು ತೆಗೆಯುತ್ತಾರೆ; ಮಾಲೀಕರು ಸಂಬಳ ಕೊಡುವುದು ಆ ಬಾಗಿಲಿಗೇ. "ಮಂತ್ರಿಗಿರಿ ಬಿಟ್ಟೋರು ಹಿಂಗೆ ಓಡಾಡಬಾರ್ದು ಅಂತ ಕಾನೂನು ಬರ್ಬೇಕು ಸಾರ್" ಎಂದು ಅವರ ಟೈಪಿಸ್ಟನಾದ ನಾನು ಕೆಣಕಿದರೆ, "ಟೈಪ್ ಮಾಡ್ಕೊಡಪ್ಪ, ನಾನೇ ಓಡಾಡಿ ಪಾಸು ಮಾಡಿಸ್ತೀನಿ" ಎಂದು ನಗುತ್ತಾರೆ. ಮೊನ್ನೆ ಶ್ರೀರಾಂಪುರದಿಂದ ಕುರಿ ಕಾಯುವ ಓಬಕ್ಕ ಬಂದು, "ನೀವು ಮಂತ್ರಿ ಆಗಿದ್ದಾಗ ನಮ್ಮ ಕುರಿ ಮೇಯೋಕೆ ಬಿಡಿಸಿಕೊಟ್ಟ ಗುಡ್ಡಾನ ಗಣಿಯೋರು ಕೇಳ್ತಾವ್ರಂತೆ, ತಪ್ಪಿಸ್ರಿ ಸ್ವಾಮಿ" ಎಂದಳು. ಅವರು ಅರ್ಜಿಯನ್ನು ತಾವೇ ಬರೆದು, ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿಕೊಂಡು ವಿಧಾನಸೌಧಕ್ಕೆ ಒಯ್ಯುವ ತಮ್ಮ ಚೀಲಕ್ಕೆ ಹಾಕಿದರು. ಅದೇ ಗುಡ್ಡ ಕೇಳಿ ಮಾಲೀಕರು ಬರೆಸಿದ, ಬೆಳಿಗ್ಗೆಯಷ್ಟೇ ನಾನು ಟೈಪು ಮಾಡಿದ ಅರ್ಜಿಯೂ ಆ ಚೀಲದಲ್ಲೇ ಇತ್ತು. ಓಬಕ್ಕ ಅವರಿಗೆ, ನನಗೆ, ಕೊನೆಗೆ ಆ ಚೀಲಕ್ಕೂ ಕೈಮುಗಿದು ಹೋದಳು.