ಬೀಗಣ್ಣ ಮರಿಗೆ ಮಾಡಿದ ಗೂಡು

ಜೈಲಿನ ಕೆಲಸದಿಂದ ನಿವೃತ್ತನಾದ ಮೇಲೆ ನನ್ನ ಗೆಳೆಯ ಮನೆಯ ಯಾವ ಬಾಗಿಲಿಗೂ ತನ್ನ ಕೈಯಾರೆ ಚಿಲಕ ಹಾಕಲಿಲ್ಲ. ಮುಂಬಾಗಿಲು ಹಾಕುವುದು, ತೆಗೆಯುವುದು ಅವನ ಹೆಂಡತಿಯ, ಅಂದರೆ ನನ್ನ ಪಾಲಿನ ಅತ್ತಿಗೆಯ ಕೆಲಸವಾಯಿತು. ಬಚ್ಚಲಿಗೆ ಹೋದರೆ ಬಾಗಿಲನ್ನು ಸುಮ್ಮನೆ ಎಳೆದುಕೊಂಡು ಒಳಗಿನಿಂದ ಆಗಾಗ ಕೆಮ್ಮುತ್ತಿದ್ದ. ಕೆಮ್ಮು ಕೇಳಿದರೆ ಒಳಗೆ ಜನ ಇದ್ದಾರೆಂದು ನಾವು ತಿಳಿದುಕೊಳ್ಳಬೇಕು. “ಇವರ ಸ್ನಾನ ಇಡೀ ಬೀದಿಗೆ ಡಂಗುರ” ಎಂದು ಅತ್ತಿಗೆ ಹಂಗಿಸುತ್ತಿದ್ದರು. ಅವನು ನಗುತ್ತಿದ್ದ, ಚಿಲಕ ಮಾತ್ರ ಮುಟ್ಟುತ್ತಿರಲಿಲ್ಲ.

ಬೀದಿಯ ಜನ ಅವನನ್ನು ಬೀಗಣ್ಣ ಎನ್ನುತ್ತಿದ್ದರು. ವಾರ್ಡರ್ ಆಗಿ ಸೊಂಟದಲ್ಲಿ ಕೀಲಿಗೊಂಚಲು ಹೊತ್ತು ಓಡಾಡಿದ ಕಾಲದ ಹೆಸರು ಅದು. ಅದೇ ಜೈಲಿನಲ್ಲಿ ನಾನು ಓದು ಬಾರದವರಿಗೆ ಅಕ್ಷರ ಕಲಿಸುತ್ತಿದ್ದೆ. ಹಾಗಾಗಿ ಅವನಿಗೂ ಅತ್ತಿಗೆಗೂ ನಾನು ಮೇಷ್ಟ್ರು. ಸಂಜೆ ಬೀಗ ಹಾಕುವ ಹೊತ್ತಿನಲ್ಲಿ ಅವನ ಜೊತೆ ಎಷ್ಟೋ ಸಲ ಆ ಉದ್ದನೆಯ ಓಣಿಯಲ್ಲಿ ನಡೆದಿದ್ದೇನೆ. ಉಳಿದವರು ಸರಸರನೆ ಬೀಗ ಒತ್ತಿಕೊಂಡು ಹೋಗುತ್ತಿದ್ದರು. ಇವನು ಪ್ರತಿ ಬಾಗಿಲಲ್ಲೂ ನಿಂತು, ಒಳಗಿದ್ದವನ ಮುಖ ನೋಡಿ, “ಬರ್ತೀನಪ್ಪ” ಎಂದು ಹೇಳಿ ಬೀಗ ಹಾಕಿ, ಜಗ್ಗಿ ನೋಡಿ ಮುಂದೆ ಹೋಗುತ್ತಿದ್ದ.

“ಇದೇನು ಮಾವನ ಮನೆಯಾ, ಬಾಗಿಲು ಬಾಗಿಲಲ್ಲೂ ಹೇಳಿ ಹೋಗೋಕೆ?” ಎಂದು ಜೊತೆಯವರು ಚುಡಾಯಿಸುತ್ತಿದ್ದರು.

“ಮಾವನ ಮನೆಯೇ. ಅಳಿಯಂದ್ರು ಒಳಗೆ ಆರಾಮಾಗಿದ್ದಾರೆ. ಬಾಗಿಲು ಕಾಯೋ ಭಾವಮೈದ ನಾನು.”

ಇಂಥವನ ಮನೆಯ ಗೇಟಿನೆದುರಿಗೆ ಹೋದ ವರ್ಷ ಒಂದು ಬೀದಿಮರಿ ಸ್ಕೂಟರಿನ ಚಕ್ರಕ್ಕೆ ಸಿಕ್ಕಿತು. ಸ್ಕೂಟರಿನವನು ತಿರುಗಿ ಕೂಡ ನೋಡಲಿಲ್ಲ. ಬೀಗಣ್ಣ ಹೆಗಲ ಮೇಲಿದ್ದ ಟವೆಲ್ಲಿನಲ್ಲಿ ಮರಿಯನ್ನು ಸುತ್ತಿಕೊಂಡು ಪಶುವೈದ್ಯರ ಬಳಿಗೆ ಓಡಿದ. ದಾರಿಯಲ್ಲಿ ಸಿಕ್ಕಿದ ನನ್ನನ್ನೂ ಎಳೆದುಕೊಂಡು ಹೋದ. ಹಿಂಗಾಲಿನ ಮೂಳೆ ಮುರಿದಿತ್ತು. ವೈದ್ಯೆ ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಸುತ್ತು ಬಳಸು ಮಾತಿಲ್ಲ. ಪ್ಲಾಸ್ಟರ್ ಹಾಕಿ ಕೈ ತೊಳೆಯುತ್ತಲೇ ಹೇಳಿದಳು:

“ಅರ್ಧ ಕೆಲಸ ನಂದು, ಮುಗೀತು. ಇನ್ನರ್ಧ ನಿಮ್ದು. ಇದನ್ನ ಒಂದು ಪೆಟ್ಟಿಗೇಲಿ ಇಡಿ. ಎದ್ದು ನಿಲ್ಲೋಕೆ, ತಿರುಗೋಕೆ, ಕಾಲು ಚಾಚಿ ಮಲಗೋಕೆ ಜಾಗ ಇದ್ರೆ ಸಾಕು. ಓಡೋಕೆ ನೆಗೆಯೋಕೆ ಇರಬಾರದು. ಒಂದೂವರೆ ತಿಂಗಳಾದ್ರೂ ಬಾಗಿಲು ಹಾಕಿರಬೇಕು. ಮೂಳೆ ಜರುಗಿದ್ರೆ ಕಾಲೇ ತೆಗೀಬೇಕಾಗತ್ತೆ.”

“ಬಾಗಿಲು ಹಾಕ್ಲೇಬೇಕಾ ಡಾಕ್ಟ್ರಮ್ಮ? ನಾನು ದಿನಾ ಹತ್ತಿರವೇ ಕೂತಿರ್ತೀನಿ.”

“ಹಾಕ್ಲೇಬೇಕು. ನೀವು ಕೂತಿರ್ತೀರಿ, ಅದು ಕೂತಿರಲ್ಲ.”

ವಾಪಸು ಬರುವಾಗ ಮರಿ ಅವನ ತೋಳತೆಕ್ಕೆಯಲ್ಲಿ ಔಷಧಿಯ ಮಂಪರಿನಲ್ಲಿ ಮಲಗಿತ್ತು.

ಪೆಟ್ಟಿಗೆಯನ್ನು ಅವನೇ ಮಾಡಿದ. ಹಳೆಯ ಸಾಮಾನಿನ ಅಂಗಡಿಯಿಂದ ಪ್ಲೈವುಡ್ ತಂದ, ಮುಂದಿನ ಬಾಗಿಲಿಗೆ ತಂತಿಬಲೆ ತಂದ. ನಾನು ಹಲಗೆ ಹಿಡಿದುಕೊಳ್ಳುವುದು, ಅವನು ಗರಗಸ ಎಳೆಯುವುದು. ಗಾಳಿಗೆ ಮೂರು ಕಡೆಯೂ ತೂತು ಕೊರೆದ. ಅಂಚುಗಳನ್ನು ಮರಳುಕಾಗದದಲ್ಲಿ ಎಷ್ಟು ಉಜ್ಜಿದನೆಂದರೆ ಕೆನ್ನೆಗೆ ಒತ್ತಿಕೊಂಡರೂ ಚುಚ್ಚುತ್ತಿರಲಿಲ್ಲ. ಒಳಗೆ ಒಂದು ಮೊಳೆಯ ತಲೆಯೂ ಕಾಣುತ್ತಿರಲಿಲ್ಲ. ನೀರಿನ ಬಟ್ಟಲನ್ನು ಬಲೆಯ ಹೊರಗಿನಿಂದ ಸಿಕ್ಕಿಸಿದ. ಹಜಾರದ ಸರೀ ನಡುವೆ, ನಾಲ್ಕೂ ಕಡೆಯಿಂದ ಕಾಣುವಂತೆ ಪೆಟ್ಟಿಗೆ ಇಟ್ಟು, ಮೇಲಿನ ದೀಪವನ್ನು ಸದಾ ಉರಿಯುವಂತೆ ಬಿಟ್ಟ. ಒಳಗೆ ಹಾಸಿಗೆ ಇರಲಿಲ್ಲ. ಬರೀ ಹಲಗೆ.

ಮರಿಯನ್ನು ಒಳಗಿಟ್ಟು ಬಾಗಿಲು ಹಾಕಿದ್ದು ಅತ್ತಿಗೆ. ಇವನು ಆಗ ಹಿತ್ತಲಿಗೆ ಹೋಗಿದ್ದ.

ಮರಿ ಅತ್ತಿತು. ಸುಮ್ಮನೆ ಕುಂಯ್ ಎನ್ನುವುದಲ್ಲ, ಗಂಟಲು ಹರಿಯುವ ಹಾಗೆ. ಬಾಗಿಲ ಬಲೆಯನ್ನು ಮುಂಗಾಲಿನಲ್ಲಿ ಕೆರೆದು, ಪ್ಲಾಸ್ಟರಿನ ಕಾಲನ್ನು ಹಲಗೆಗೆ ಬಡಿಯಿತು. ಅತ್ತಿಗೆ ಒಂದು ಹಳೆಯ ಹೊದಿಕೆ ಮಡಿಸಿ ಒಳಗೆ ಹಾಸಿದರು. ಅವರು ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ಹೊದಿಕೆ ಕುರ್ಚಿಯ ಮೇಲಿತ್ತು. ಮತ್ತೆ ಹಾಸಿದರು, ಮತ್ತೆ ಕುರ್ಚಿಯ ಮೇಲೆ. ಎರಡು ದಿನ ಈ ಆಟ ನಡೆಯಿತು. ಮೂರನೆಯ ದಿನ ಪ್ಲಾಸ್ಟರ್ ಸಡಿಲವಾಗಿ ಮತ್ತೆ ವೈದ್ಯೆಯ ಬಳಿಗೆ ಹೋಗಬೇಕಾಯಿತು. ಅವಳು ಹೊಸದಾಗಿ ಪ್ಲಾಸ್ಟರ್ ಹಾಕಿ, “ಮೂಳೆ ಕೂದಲೆಳೆಯಲ್ಲಿ ಉಳ್ಕೊಂಡಿದೆ. ಇನ್ನೊಂದ್ಸಲ ಹೀಗಾದ್ರೆ ನನ್ನ ಕೈಲಿಲ್ಲ” ಎಂದಳು.

ಮನೆಗೆ ಬಂದ ಮೇಲೆ ಅತ್ತಿಗೆಯ ಸಹನೆಯ ಕಟ್ಟೆಯೊಡೆಯಿತು. ಅವರು ಹೊಲಿಗೆ ಕೆಲಸದವರು. ಹಜಾರದ ಕಿಟಕಿಯ ಬಳಿ ಅವರ ಯಂತ್ರ. ಮರಿ ಅಳುವುದನ್ನು ದಿನವಿಡೀ ಕೇಳಿದವರು ಅವರೇ.

“ಮರಿಗೆ ಗೂಡು ಮಾಡಿ ಅಂದ್ರೆ ಸೆಲ್ ಮಾಡಿಟ್ಟಿದ್ದೀರಲ್ರೀ. ಮೇಷ್ಟ್ರೇ, ನೀವಾದ್ರೂ ನೋಡಿ. ತಲೆ ಮೇಲೆ ದೀಪ, ಕೆಳಗೆ ಬರೀ ಹಲಗೆ. ಅದೇನು ಕೊಲೆ ಮಾಡಿ ಬಂದಿದೆಯಾ?”

“ಬಟ್ಟೆ ಬೇಡ” ಎಂದ ಅವನು.

“ಯಾಕೆ ಬೇಡ?”

“ದಾರ ಬಿಚ್ಚಿ ಕುತ್ತಿಗೆಗೆ ಸುತ್ಕೊಂಡ್ರೆ?”

“ನಾಯಿಮರಿ ರೀ ಅದು.”

ಅವನು ನನ್ನ ಮುಖ ನೋಡಿದ. ನನಗೆ ಗೊತ್ತಿತ್ತು. ಅತ್ತಿಗೆಗೆ ಗೊತ್ತಿರಲಿಲ್ಲ ಎಂಬುದು ನನಗೆ ಆಗ ತಿಳಿಯಿತು. ನಾನು ಎದ್ದು ಹೊರಡಲು ನೋಡಿದೆ. “ಕೂತ್ಕೊಳ್ಳಿ ಮೇಷ್ಟ್ರೇ” ಎಂದು, ನೆಲ ನೋಡಿಕೊಂಡು ಅತ್ತಿಗೆಗೆ ಎಲ್ಲ ಹೇಳಿದ.

ಅವನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಹುಡುಗ ಜೈಲಿಗೆ ಬಂದಿದ್ದ. ಮೀಸೆ ಆಗಷ್ಟೇ ಚಿಗುರುತ್ತಿದ್ದ ವಯಸ್ಸು. ಸಂಜೆ ಬೀಗ ಹಾಕುವಾಗ ಹುಡುಗ ನಡುಗುತ್ತಿದ್ದುದನ್ನು ಕಂಡು, ನಿಯಮದಲ್ಲಿ ಇಲ್ಲದಿದ್ದರೂ, ಇವನು ಉಗ್ರಾಣದಿಂದ ಇನ್ನೊಂದು ಹೊದಿಕೆ ತಂದು ಕೊಟ್ಟ. ಹುಡುಗ ಅದನ್ನು ತೆಗೆದುಕೊಂಡು “ಉಪಕಾರ ಆಯ್ತಣ್ಣ” ಎಂದ. ಬೆಳಿಗ್ಗೆ ಬೀಗ ತೆಗೆದಾಗ ಹುಡುಗ ಬದುಕಿರಲಿಲ್ಲ. ಅದೇ ಹೊದಿಕೆಯಿಂದ ಜೀವ ಕಳೆದುಕೊಂಡಿದ್ದ. ವಿಚಾರಣೆ ನಡೆದು ಇವನದೇನೂ ತಪ್ಪಿಲ್ಲ ಎಂದಾಯಿತು. ಇವನು ಬೀಗ ಹಾಕುವ ಮೊದಲು ಪ್ರತಿಯೊಬ್ಬನ ಮುಖ ನೋಡತೊಡಗಿದ್ದು ಅದರ ನಂತರ.

ಪೆಟ್ಟಿಗೆಯಲ್ಲಿ ಮರಿ ಅತ್ತು ಅತ್ತು ಸುಸ್ತಾಗಿ ಬಿಕ್ಕುತ್ತಿತ್ತು.

“ಚಳಿ ಇತ್ತಾ ಆವತ್ತು?” ಎಂದು ಅತ್ತಿಗೆ ಕೇಳಿದರು.

“ಇತ್ತು.”

“ಹಾಗಿದ್ರೆ ಕೊಡದೆ ಇನ್ನೇನು ಮಾಡ್ಬೇಕಿತ್ತು?”

ಅತ್ತಿಗೆ ಉತ್ತರಕ್ಕೆ ಕಾಯಲಿಲ್ಲ. ಯಂತ್ರದ ಮುಂದೆ ಕೂತು, ದಪ್ಪ ಬಟ್ಟೆಯ ಚೂರುಗಳನ್ನು ಒಟ್ಟುಮಾಡಿ ಪೆಟ್ಟಿಗೆಯ ಅಳತೆಗೆ ಒಂದು ಪುಟ್ಟ ಹಾಸಿಗೆ ಹೊಲಿಯತೊಡಗಿದರು. ಅಂಚನ್ನು ಒಳಮಡಿಸಿ ಒಂದು ಹೊಲಿಗೆ, ಅದರ ಮೇಲೆ ಇನ್ನೊಂದು, ಅಡ್ಡಡ್ಡ ಮತ್ತೊಂದು. ಮುಗಿಸಿ ಅವನ ಮಡಿಲಿಗೆ ಎಸೆದರು.

“ಎಳೆದು ನೋಡಿ. ಒಂದೇ ಒಂದು ಎಳೆ ಬಂದ್ರೂ ಹೊಲಿಗೆ ಕೆಲಸ ಬಿಡ್ತೀನಿ.”

ಅವನು ನಿಜವಾಗಿಯೂ ಎಳೆದು ನೋಡಿದ. ನಾಲ್ಕು ಅಂಚು, ನಾಲ್ಕು ಮೂಲೆ, ಉಗುರು ಹಾಕಿ, ಹಲ್ಲಿಗೆ ಕಚ್ಚಿ. ಎಳೆ ಬರಲಿಲ್ಲ. ಆಮೇಲೆ ತಾನೇ ಬಗ್ಗಿ ಅದನ್ನು ಒಳಗೆ ಹಾಸಿದ. ಅತ್ತಿಗೆ ನೋಡಿಯೂ ನೋಡದವರಂತೆ ಸೂಜಿಗೆ ದಾರ ಪೋಣಿಸುತ್ತಿದ್ದರು.

ಅಲ್ಲಿಂದ ಮುಂದೆ ಒಂದೊಂದೇ ಬದಲಾಯಿತು. ಪೆಟ್ಟಿಗೆ ಹಜಾರದ ನಡುವಿನಿಂದ ಯಂತ್ರದ ಪಕ್ಕದ ಮೂಲೆಗೆ ಹೋಯಿತು. ಅಲ್ಲಿ ಬಿಸಿಲೂ ಹೊಡೆಯುವುದಿಲ್ಲ, ಗಾಳಿಯೂ ನುಗ್ಗುವುದಿಲ್ಲ, ಮನೆಯ ಮಾತೆಲ್ಲ ಕೇಳುತ್ತದೆ. ಮೂರು ಬದಿಗೆ ತೆಳು ಪರದೆ ಇಳಿಬಿಟ್ಟರು. “ನಾವು ಅದನ್ನ ನೋಡೋದಲ್ಲ ಮುಖ್ಯ, ಅದು ನಮ್ಮನ್ನ ನೋಡ್ಬೇಕು” ಎಂದು ಅತ್ತಿಗೆ ದೀಪ ಆರಿಸಿದರು. ಬೀಗಣ್ಣ ತನ್ನ ಹಳೆಯ ಬನಿಯನ್ನನ್ನು ಸುತ್ತಿ ಅತ್ತಿಗೆಯ ಕೈಯಲ್ಲಿ ಹೊಲಿಸಿ ತಲೆದಿಂಬು ಮಾಡಿದ. “ತೊಳೆದು ಕೊಡಿ” ಎಂದರು ಅತ್ತಿಗೆ. “ತೊಳೆದ್ರೆ ವಾಸನೆ ಹೋಗತ್ತಲ್ಲ, ವಾಸನೆಗೇ ಅಲ್ವಾ ಕೊಡೋದು” ಎಂದ ಅವನು. “ನಲವತ್ತು ವರ್ಷ ನಾನು ಸಹಿಸ್ಕೊಂಡೆ, ಈಗ ಅದರ ಸರದಿ” ಎಂದು ಅವರು ಸುಮ್ಮನಾದರು.

ಬಾಗಿಲು ಒಂದು ಉಳಿಯಿತು. ಅದನ್ನು ಅವನೇ ಹಾಕಬೇಕೆಂದು ಅತ್ತಿಗೆ ಪಟ್ಟು ಹಿಡಿದರು. “ನಾನು ಹಾಕಿದ್ರೆ ನಿಮ್ಮನ್ನೇ ಕರೆದು ಅಳತ್ತೆ. ನೀವು ಹಾಕಿದ್ರೆ ನೀವೇ ತೆಗೀತೀರ ಅಂತ ಅದಕ್ಕೆ ನಂಬಿಕೆ ಬರತ್ತೆ.” ಅವನು ಊಟದ ತಟ್ಟೆಯನ್ನು ಪೆಟ್ಟಿಗೆಯೊಳಗೇ ಇಡತೊಡಗಿದ. ಮರಿ ತಿನ್ನುವಾಗ ಬಾಗಿಲು ಮೆಲ್ಲಗೆ ಮುಚ್ಚಿ, ತಿಂದು ತಲೆಯೆತ್ತುವ ಮೊದಲೇ ತೆಗೆಯುತ್ತಿದ್ದ. ಅಡ್ಡಗಾಲು ಹಾಕಿ ತೆರೆದ ಬಾಗಿಲ ಮುಂದೆ ತಾನೇ ಕೂತಿರುತ್ತಿದ್ದುದರಿಂದ ಅದು ಹೊರಗೆ ನೆಗೆಯುವಂತಿರಲಿಲ್ಲ. ಮರುದಿನ ಇನ್ನೂ ತುಸು ಹೊತ್ತು ಮುಚ್ಚಿದ. ಅದರ ಮರುದಿನ ಚಿಲಕ. ಅವನ ಬೆರಳು ಚಿಲಕದ ಮೇಲೆ ನಿಂತಿದ್ದನ್ನು ನಾನು ನೋಡಿದೆ. ಮರಿಯ ಮುಖ ನೋಡಿದ, ಏನೋ ಹೇಳಿದ, ನನಗೆ ಕೇಳಿಸಲಿಲ್ಲ. ಚಿಲಕ ಬಿತ್ತು. ಮರಿ ಒಮ್ಮೆ ನೋಡಿ ಮತ್ತೆ ತಟ್ಟೆ ನೆಕ್ಕಿತು.

ಆಮೇಲೆ ಎದ್ದು ಹೋಗುವುದನ್ನು ಕಲಿಸಿದ, ತಾನೂ ಕಲಿತ. ಅಡುಗೆಮನೆಗೆ ಹೋಗಿ ಬರುವುದು, ಗೇಟಿನವರೆಗೆ ಹೋಗಿ ಬರುವುದು. ಬಂದಾಗ ಅಯ್ಯೋ ಕಂದಾ ಎಂದು ಮುದ್ದು ಮಾಡುತ್ತಿರಲಿಲ್ಲ. ಅತ್ತರೆ ತಕ್ಷಣ ತೆಗೆಯುತ್ತಿರಲಿಲ್ಲ, ಅಳು ನಿಂತ ಮೇಲೆ ತೆಗೆಯುತ್ತಿದ್ದ. ಆ ಸಣ್ಣ ಹೊತ್ತು ಅವನಿಗೆ ಎಷ್ಟು ಕಷ್ಟವಾಗುತ್ತಿತ್ತು ಎಂಬುದು ಅವನ ದವಡೆಯಲ್ಲಿ ಕಾಣುತ್ತಿತ್ತು. ವಾರ ಕಳೆಯುವುದರೊಳಗೆ ಮರಿ ಬಾಗಿಲು ಹಾಕಿದ್ದರೂ ಹೊಟ್ಟೆ ಮೇಲೆ ಮಾಡಿ, ಪ್ಲಾಸ್ಟರಿನ ಕಾಲನ್ನು ಕೊಡೆಯಂತೆ ಎತ್ತಿಕೊಂಡು ನಿದ್ದೆ ಮಾಡತೊಡಗಿತು. ಅತ್ತಿಗೆ ಹೊಲಿಯುವ ಯಂತ್ರದ ಸದ್ದು ಅದಕ್ಕೆ ಜೋಗುಳವಾಗಿತ್ತು.

ಮೂಳೆ ಕೂಡಲು ಇನ್ನೂ ಕೆಲವು ದಿನ ಬೇಕಿದ್ದಾಗ ಅವನಿಗೆ ಎದೆನೋವು ಬಂತು. ಹಿಂದೆಯೂ ಒಮ್ಮೆ ಬಂದಿತ್ತಂತೆ, ಯಾರಿಗೂ ಹೇಳಿರಲಿಲ್ಲ. ಆಸ್ಪತ್ರೆಯಲ್ಲಿ ನಾನು ಪಕ್ಕದಲ್ಲಿ ಕೂತಿದ್ದೆ. ಅವನ ಮೂಗಿಗೆ ಕೊಳವೆ ಇತ್ತು, ಮಾತು ತಡೆತಡೆದು ಬರುತ್ತಿತ್ತು.

“ಬಾಗಿಲು ಯಾರು ಹಾಕ್ತಿದ್ದಾರೆ?”

“ಅತ್ತಿಗೆ.”

“ಅಳತ್ತಾ?”

“ಇಲ್ಲ ಮಾರಾಯ. ತಿಂದು ಮಲಗತ್ತೆ. ನಿನಗಿಂತ ಜಾಣ.”

ಅವನು ಕಣ್ಣು ಮುಚ್ಚಿಕೊಂಡ. “ಯಾರಾದ್ರೂ ಪಾಪ ಅಂತ ತೆಗೆದುಬಿಡ್ತಾರೆ ಮೇಷ್ಟ್ರೇ. ಪಾಪ ಅನ್ನಿಸತ್ತೆ. ತೆಗೆಯೋಕೆ ಬಿಡಬೇಡಿ” ಎಂದ. ಅವನು ನನ್ನೊಡನೆ ಆಡಿದ ಕೊನೆಯ ಮಾತು ಅದು. ಮರುದಿನ ಬೆಳಿಗ್ಗೆ ತೀರಿಕೊಂಡ.

ದೇಹವನ್ನು ಮನೆಗೆ ತಂದು ಹಜಾರದಲ್ಲಿ ಮಲಗಿಸಿದರು. ಜನ ಬಂದರು. ಜೈಲಿನ ಹಳೆಯ ಜೊತೆಗಾರರು ಬಂದರು, ಕೆಲಸದಲ್ಲಿದ್ದವರು ಖಾಕಿಯಲ್ಲೇ ಬಂದರು. ಹೆಸರು ಹೇಳಿಕೊಳ್ಳದ ಕೆಲವರು ಬಂದು ಪಾದದ ಬಳಿ ನಿಂತು ಹೋದರು. ಅವರಲ್ಲಿ ಒಬ್ಬಿಬ್ಬರ ಕೈಬರಹ ನಾನು ತಿದ್ದಿದ್ದು. ಮೂಲೆಯ ಪೆಟ್ಟಿಗೆಯಲ್ಲಿ ಮರಿ ಎದ್ದು ನಿಂತಿತ್ತು. ಅಷ್ಟು ಕಾಲುಗಳ ನಡುವೆ ಅದಕ್ಕೆ ಏನೂ ಕಾಣುತ್ತಿರಲಿಲ್ಲ. ಆದರೆ ವಾಸನೆ ಸಿಕ್ಕಿರಬೇಕು, ಬಹಳ ದಿನದ ಮೇಲೆ ಮತ್ತೆ ಅಳತೊಡಗಿತು.

“ಪಾಪ, ಯಜಮಾನನ ಮುಖ ನೋಡ್ಲಿ ಬಿಡ್ರೋ” ಎಂದು ಒಬ್ಬ ಹಿರಿಯ ವಾರ್ಡರ್ ಬಗ್ಗಿ ಚಿಲಕಕ್ಕೆ ಕೈಹಾಕಿದ. ನಾನು ಎದ್ದೆ. ನನಗಿಂತ ಮೊದಲು ಅತ್ತಿಗೆ ಎದ್ದಿದ್ದರು. ಬೆಳಗಿನಿಂದ ಅವನ ತಲೆಯ ಬಳಿ ಕೂತಿದ್ದವರು ಜನರನ್ನು ಸರಿಸಿಕೊಂಡು ಬಂದು ಚಿಲಕದ ಮೇಲೆ ಕೈಯಿಟ್ಟರು.

“ಬೇಡ ಅಣ್ಣ. ಮೂಳೆ ಇನ್ನೂ ಕೂಡಿಲ್ಲ.”

“ಒಂದೇ ಒಂದು ಸಲ, ತಾಯಿ. ಕಡೇ ಸಲ ಅಲ್ವಾ?”

“ಒಂದೇ ಸಲಕ್ಕೇ ಹೋಗೋದು ಅದು” ಎಂದರು ಅತ್ತಿಗೆ. ಮರಿಯ ಕಡೆ ನೋಡಿದರು, ಹಜಾರದ ನಡುವೆ ಮಲಗಿದ್ದ ಗಂಡನ ಕಡೆ ನೋಡಿದರು. “ಪೆಟ್ಟಿಗೆ ಸಮೇತ ತನ್ನಿ. ಅಲ್ಲಾಡಬಾರದು.”

ಖಾಕಿಯವರು ನಾಲ್ಕು ಜನ ನಾಲ್ಕು ಮೂಲೆ ಹಿಡಿದು ಪೆಟ್ಟಿಗೆ ಎತ್ತಿದರು. ಜನ ದಾರಿ ಬಿಟ್ಟರು. ತುಂಬಿದ ನೀರಿನ ಪಾತ್ರೆ ಹೊತ್ತವರಂತೆ ಮೆಲ್ಲಗೆ ನಡೆದು ಅವನ ಪಕ್ಕದಲ್ಲಿ ಇಳಿಸಿದರು. ಮರಿ ಬಲೆಗೆ ಮೂಗು ಒತ್ತಿತು. ಅತ್ತಿಗೆ ಅವನ ಕೈಯನ್ನು ಎತ್ತಿ ಬಲೆಯ ಹತ್ತಿರ ಇಟ್ಟರು. ಮರಿ ಬಹಳ ಹೊತ್ತು ಮೂಸಿತು. ಆಮೇಲೆ ಹಿಂದೆ ಸರಿದು, ಒಂದು ಸುತ್ತು ತಿರುಗಿ, ಹಾಸಿಗೆಯ ಮೇಲೆ ಮಲಗಿತು. ಅವನನ್ನು ಕರೆದುಕೊಂಡು ಹೋಗುವವರೆಗೂ ಅದು ಅಲ್ಲೇ ಇತ್ತು. ಯಾರೂ ಬಾಗಿಲು ತೆಗೆಯಲಿಲ್ಲ.

ಪ್ಲಾಸ್ಟರ್ ಬಿಚ್ಚಿಸಲು ಅತ್ತಿಗೆಯೂ ನಾನೂ ಹೋದೆವು. ವೈದ್ಯೆ ಎಕ್ಸ್‌ರೇ ತೆಗೆದು ಬೆಳಕಿಗೆ ಹಿಡಿದಳು. “ಕೂಡಿದೆ” ಎಂದಳು. ನಂತರ ನಮ್ಮಿಬ್ಬರ ಹಿಂದೆ ಬಾಗಿಲ ಕಡೆ ನೋಡಿ, “ಅವರೆಲ್ಲಿ?” ಎಂದಳು. ಅತ್ತಿಗೆ ಹೇಳಿದರು. ಅವಳು ಮರಿಯ ಕಾಲು ಸವರಿದಳು.

ಮರಿಯನ್ನು ನೆಲಕ್ಕೆ ಬಿಟ್ಟಾಗ ಅದು ಮೊದಲು ಮೂರೇ ಕಾಲಿನಲ್ಲಿ ನಿಂತಿತು. ಕೂದಲುದುರಿ ಸಣಕಲಾಗಿದ್ದ ನಾಲ್ಕನೆಯದನ್ನು ಕೆಳಗಿಟ್ಟಿತು, ಎತ್ತಿತು, ಮತ್ತೆ ಇಟ್ಟಿತು.

“ಸ್ವಲ್ಪ ಕುಂಟಬಹುದು” ಎಂದಳು ವೈದ್ಯೆ.

“ಕುಂಟಿದ್ರೆ ಕುಂಟಲಿ” ಎಂದರು ಅತ್ತಿಗೆ. “ನಾಲ್ಕಿದೆಯಲ್ಲ.”

ಒಮ್ಮೆಗೇ ಜಾಸ್ತಿ ನಡೆಸಬೇಡಿ ಎಂದು ವೈದ್ಯೆ ಹೇಳಿದ್ದಳು. ಹಾಗಾಗಿ ಮನೆಯ ದಾರಿಯಲ್ಲಿ ಸ್ವಲ್ಪ ದೂರ ಅತ್ತಿಗೆ ಎತ್ತಿಕೊಂಡರು, ಸ್ವಲ್ಪ ದೂರ ನಾನು. ನಡುನಡುವೆ ಕೆಳಗೆ ಬಿಟ್ಟು, ಇಬ್ಬರೂ ನಿಂತು, ಅದು ನಡೆಯುವುದನ್ನು ನೋಡಿದೆವು.